ಅಳಿಸಿದ ಗುರುತು ಮತ್ತೆ ಮೂಡುತ್ತದಾ?

ನಮ್ಮ ಅಪ್ಪಾಜಿ ದಾವಣಗೆರೆಯಲ್ಲಿ ಟೇಲರ್. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಯ ಸ್ಟೆಮ್ ಸೆಲ್, ಅಂದರೆ ಮುಂದೆ ಬೇರೆ ಬೇರೆ ಅಂಗದ ಕೋಶವಾಗಬಲ್ಲ ಎಳೆಯ ಕೋಶ, ಬೆಳೆಸುತ್ತೇನೆ. ಪ್ರತಿ ಭಾನುವಾರ ಫೋನಿನಲ್ಲಿ "ಈ ವಾರ ಏನ್ ಕೆಲ್ಸ ಆತವ್ವಾ?" ಎಂದು ಕೇಳುತ್ತಾರೆ. ಸುಮ್ನೆ "ಚೆನ್ನಾಗಿ ನಡೀತಿದೆ" ಅಂದರೆ ಅವರಿಗೆ ಸಮಾಧಾನವಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅಂಗಡಿಯಲ್ಲೇ ಕೂತು ಎಲ್ಲಾ ಹೇಳಿದೆ.

ಮೊದಲು ದಾರದ ಲೆಕ್ಕ. ನಮ್ಮ ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಕೂತಿರುವ ಕೋಶಕೇಂದ್ರದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಹಾಗಾಗಿ ದಾರವನ್ನು ಸುತ್ತಿಡಲೇಬೇಕು. ಹಿಸ್ಟೋನ್ ಎಂಬ ಪ್ರೋಟೀನ್‌ಗಳು 8 ಸೇರಿ ಒಂದು ಪುಟ್ಟ ರೀಲು ಆಗುತ್ತದೆ. ಒಂದು ರೀಲಿಗೆ ಡಿಎನ್‌ಎ ಒಂದೂವರೆ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸುತ್ತಿಕೊಳ್ಳುತ್ತದೆ, 147 ಅಕ್ಷರದ ಜೋಡಿಯಷ್ಟು. ದಾರ ಮತ್ತು ರೀಲು ಸೇರಿದ್ದೇ ಕ್ರೋಮಾಟಿನ್. ಅಪ್ಪಾಜಿ ತಲೆಯಾಡಿಸಿದರು. ಇಷ್ಟು ಅವರಿಗೆ ಹೊಸದೇನೂ ಅಲ್ಲ.

ರೀಲುಗಳಿಂದ ಚಿಕ್ಕ ಬಾಲಗಳು ಹೊರಗೆ ಚಾಚಿಕೊಂಡಿರುತ್ತವೆ. ಅವುಗಳ ಮೇಲೆ ಕೋಶ ಗುರುತು ಹಾಕುತ್ತದೆ. ಎಚ್3 ಎಂಬ ಹಿಸ್ಟೋನಿನ ಬಾಲದಲ್ಲಿ 27ನೇ ಜಾಗದ ಲೈಸಿನ್ ಎಂಬ ಕೊಂಡಿಗೆ ಮಿಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕು ಮೂರು ಅಂಟಿಸಿದರೆ ಅದು "ಈ ಜೀನ್ ಸುಮ್ಮನಿರಲಿ" ಎಂಬ ಗುರುತು. ಬಟ್ಟೆಯ ಮೇಲೆ ಅಪ್ಪಾಜಿ ಚಾಕ್‌ಪೀಸಿನಲ್ಲಿ ಹಾಕುವ ಗೆರೆ ಇದ್ದ ಹಾಗೆ. ಬಟ್ಟೆ ಅದೇ, ನೂಲು ಅದೇ. ಆದರೆ ಎಲ್ಲಿ ಕತ್ತರಿ ಆಡಬೇಕು, ಎಲ್ಲಿ ಆಡಬಾರದು ಅನ್ನೋದನ್ನ ಗೆರೆ ಹೇಳುತ್ತದೆ.

ಗುರುತು ಹಾಕುವ ಪ್ರೋಟೀನ್‌ಗಳ ಗುಂಪಿಗೆ ಪಾಲಿಕಾಂಬ್, ಅಂದರೆ "ಹಲವು ಬಾಚಣಿಗೆ", ಎಂದು ಹೆಸರು. ಹೆಸರು ಬಂದದ್ದು ಹಣ್ಣಿನ ನೊಣದಿಂದ. ಗಂಡು ನೊಣದ ಮುಂದಿನ ಜೋಡಿ ಕಾಲಿನಲ್ಲಿ ಮಾತ್ರ ಬಾಚಣಿಗೆಯಂಥ ಕೂದಲ ಸಾಲು ಇರುತ್ತದೆ. 1947ರಲ್ಲಿ ಪಮೇಲಾ ಲೂಯಿಸ್ ವರದಿ ಮಾಡಿದ ನೊಣಗಳಲ್ಲಿ ಹಿಂದಿನ ಕಾಲುಗಳಲ್ಲೂ ಬಾಚಣಿಗೆ ಮೂಡಿತ್ತು. ಅವರ ಗಂಡ ಎಡ್ವರ್ಡ್ ಲೂಯಿಸ್ 1978ರಲ್ಲಿ ಕಾರಣ ವಿವರಿಸಿದರು. ಸುಮ್ಮನಿರಬೇಕಾದ ಜೀನ್‌ಗಳನ್ನು ಸುಮ್ಮನಿರಿಸುವ ಪ್ರೋಟೀನೇ ಅಲ್ಲಿ ಕೆಟ್ಟಿತ್ತು. ಒಂದು ಬಾಚಣಿಗೆ ತಪ್ಪು ಕಾಲಿನಲ್ಲಿ ಕಂಡದ್ದನ್ನು ಇಷ್ಟು ಶ್ರದ್ಧೆಯಿಂದ ನೋಡಿದವರ ಬಗ್ಗೆ ನನಗೆ ತುಂಬಾ ಗೌರವ.

ನಾನು ಕೆಲಸ ಮಾಡುವುದು ಈ ಗುಂಪಿನ ಪಿಆರ್‌ಸಿ2 ಎಂಬ ತಂಡದ ಮೇಲೆ. ಅದರಲ್ಲಿ ಇಝಡ್‌ಎಚ್2 ಎಂಬ ಪ್ರೋಟೀನ್ ಗುರುತು ಹಾಕುತ್ತದೆ. ಇಇಡಿ ಎಂಬ ಇನ್ನೊಂದು ಪ್ರೋಟೀನ್ ಆಗಲೇ ಹಾಕಿದ ಗುರುತನ್ನು ಹಿಡಿದು ನೋಡುತ್ತದೆ. ಯಾಕೆ ನೋಡಬೇಕು? ಕೋಶ ಒಡೆದು ಎರಡಾದಾಗ ಹಳೆಯ ರೀಲುಗಳು ಎರಡೂ ಕಡೆ ಹಂಚಿಹೋಗುತ್ತವೆ. ನಡುವೆ ಹೊಸ ರೀಲುಗಳು ಬರುತ್ತವೆ, ಅವುಗಳ ಮೇಲೆ ಗುರುತಿಲ್ಲ. ಇಇಡಿ ಹಳೆಯ ಗುರುತು ಹಿಡಿದುಕೊಂಡರೆ ಇಝಡ್‌ಎಚ್2 ಚುರುಕಾಗಿ ಪಕ್ಕದ ರೀಲಿಗೂ ಗುರುತು ಹಾಕುತ್ತದೆ. ನನ್ನ ಪ್ಲೇಟಿನ ಕೋಶಗಳು ದಿನಕ್ಕೊಂದು ಸಲಕ್ಕಿಂತ ಜಾಸ್ತಿ ಒಡೆಯುತ್ತವೆ. ಅಂದರೆ ಈ ಕೆಲಸಕ್ಕೆ ಬಿಡುವೇ ಇಲ್ಲ. ಜೀನ್ ಸುಮ್ಮನಿದೆ ಅಂದರೆ ಅಲ್ಲಿ ಯಾರೂ ಕೆಲಸ ಮಾಡ್ತಿಲ್ಲ ಅಂತಲ್ಲ.

ಸ್ಟೆಮ್ ಸೆಲ್ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇನ್ನೊಂದಿದೆ. ಅದು ಮುಂದೆ ನರವಾಗಬಹುದು, ರಕ್ತವಾಗಬಹುದು, ಹೃದಯವಾಗಬಹುದು. ಆ ಜೀನ್‌ಗಳನ್ನು ಈಗಲೇ ಮಾತಾಡಲು ಬಿಡಬಾರದು, ಬಾಯಿಗೆ ಬೀಗವನ್ನೂ ಹಾಕಬಾರದು. 2006ರಲ್ಲಿ ಬ್ರಾಡ್ಲಿ ಬರ್ನ್‌ಸ್ಟೀನ್ ಮತ್ತು ಸಂಗಡಿಗರು ಇಲಿಯ ಸ್ಟೆಮ್ ಸೆಲ್‌ಗಳಲ್ಲಿ ಇಂಥ ಎಷ್ಟೋ ಜೀನ್‌ಗಳ ಮೇಲೆ ಎರಡು ಗುರುತು ಒಟ್ಟಿಗೇ ಇರುವುದನ್ನು ಕಂಡರು. 27ನೇ ಜಾಗದಲ್ಲಿ "ಸುಮ್ಮನಿರು", 4ನೇ ಜಾಗದಲ್ಲಿ "ತಯಾರಾಗಿರು". ಅಪ್ಪಾಜಿ ತಕ್ಷಣ ಕಪಾಟಿನಿಂದ ಒಂದು ಶರ್ಟ್ ಪೀಸ್ ತೆಗೆದು ತೋರಿಸಿದರು. ಗೆರೆ ಹಾಕಿದ್ದಾರೆ, ಕತ್ತರಿಸಿಲ್ಲ. ಗಿರಾಕಿ ಅರ್ಧ ತೋಳೋ ಪೂರ್ತಿ ತೋಳೋ ಇನ್ನೂ ಹೇಳಿಲ್ಲವಂತೆ.

ನಾವು ಇಇಡಿ ಜೀನ್ ತೆಗೆದುಹಾಕಿದ ಕೋಶಗಳನ್ನು ಬೆಳೆಸಿದೆವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ದುಂಡಗಿನ ಗುಂಪುಗಳು, ಅದೇ ಹೊಳೆಯುವ ಅಂಚು. ಬ್ಲಾಟ್, ಅಂದರೆ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಬೇಕಾದ್ದನ್ನು ಗೆರೆಯಾಗಿ ತೋರಿಸುವ ಪರೀಕ್ಷೆ, ಮಾಡಿದಾಗ ಗೊತ್ತಾಯಿತು. 17 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ 27ನೇ ಜಾಗದ ಗುರುತಿಗೆ ಮಾಮೂಲಿ ಕೋಶದಲ್ಲಿ ಕಪ್ಪಗೆ ದಪ್ಪ ಗೆರೆ, ಇವುಗಳಲ್ಲಿ ಖಾಲಿ. ಎಚ್3 ಪ್ರೋಟೀನ್ ಎರಡರಲ್ಲೂ ಸರಿಸಮ ಇತ್ತು. ಹೋಗಿದ್ದು ಗುರುತು ಮಾತ್ರ. ಆಮೇಲೆ ಸ್ಟೆಮ್ ಸೆಲ್ ಆಗಿಯೇ ಉಳಿಸುವ ಲಿಫ್ ಎಂಬ ಪ್ರೋಟೀನನ್ನು ಎರಡೂ ಪ್ಲೇಟಿಗೆ ನಿಲ್ಲಿಸಿದೆವು. ಹತ್ತನೇ ದಿನ ಬೆಳಿಗ್ಗೆ ಮಾಮೂಲಿ ಪ್ಲೇಟಿನಲ್ಲಿ ಸಾಸಿವೆಗಿಂತ ಸಣ್ಣ ಒಂದು ಉಂಡೆ ಮಿಡಿಯುತ್ತಿತ್ತು. ಹೃದಯದ ಕೋಶಗಳು. ನಿಮಿಷಗಟ್ಟಲೆ ನೋಡುತ್ತಾ ನಿಂತೆ. ಪಕ್ಕದ ಪ್ಲೇಟಿನಲ್ಲಿ ಒಂದೂ ಮಿಡಿಯಲಿಲ್ಲ. ಅಲ್ಲಿ ಹಳೆಯ ಸ್ಟೆಮ್ ಸೆಲ್ ಜೀನ್‌ಗಳು ಸುಮ್ಮನಾಗಬೇಕಾದ ಹೊತ್ತಿಗೆ ಸರಿಯಾಗಿ ಸುಮ್ಮನಾಗುವುದಿಲ್ಲ. ಬೇರೆ ಜೀನ್‌ಗಳು ಹೊತ್ತಲ್ಲದ ಹೊತ್ತಲ್ಲಿ ಮಾತಾಡುತ್ತವೆ.

ಪಾಲಿಕಾಂಬ್ ಒಂದೇ ಅಲ್ಲ. ನಮ್ಮ ಡಿಎನ್‌ಎಯಲ್ಲಿ ಹಳೇ ಕಾಲದ ವೈರಸ್‌ಗಳ ತುಂಡುಗಳಿವೆ. ಸ್ಟೆಮ್ ಸೆಲ್‌ನಲ್ಲಿ ಅವುಗಳ ಬಾಯಿ ಮುಚ್ಚಿಸಲು 9ನೇ ಜಾಗದ ಗುರುತು, ಅದನ್ನು ಹಾಕುವ ತಂಡ ಬೇರೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಎಲ್ಲಾ ಕೇಳಿ ಅಪ್ಪಾಜಿ ಕೇಳಿದ್ದು ಒಂದೇ ಪ್ರಶ್ನೆ. "ಆ ಪ್ರೋಟೀನ್ ವಾಪಸ್ ಕೊಟ್ರೆ ಗುರ್ತು ತಿರುಗಿ ಬರ್ತಾವೇನು? ಹಳೇ ಗೆರೆ ಒಂದೂ ಇಲ್ಲದಿದ್ರೆ ನೋಡ್ಕೊಂಡು ಹಾಕೋದು ಹೆಂಗೆ?"

ಎಷ್ಟು ಸರಿಯಾದ ಪ್ರಶ್ನೆ ಅಲ್ವಾ? 2018ರಲ್ಲಿ ಕ್ರಿಸ್ಟಿಯಾನ್ ಹೆಲಿನ್ ಅವರ ತಂಡ ಇದನ್ನೇ ನೋಡಿತು. ಗುರುತು ಪೂರ್ತಿ ಅಳಿಸಿ, ಪಿಆರ್‌ಸಿ2ಗೆ ಮತ್ತೆ ಕೆಲಸ ಮಾಡಲು ಬಿಟ್ಟರು. ಗುರುತುಗಳು ಹೋಗಿ ಮತ್ತೆ ಅದೇ ಜಾಗದಲ್ಲಿ ಕೂತವು. ಡಿಎನ್‌ಎಯಲ್ಲಿ ಸಿ ಮತ್ತು ಜಿ ಅಕ್ಷರಗಳು ಒತ್ತಾಗಿ ಬರುವ ಜಾಗಗಳಿವೆ. ಪಿಆರ್‌ಸಿ2 ಮೊದಲು ಅಲ್ಲಿಗೆ ಬಂದು, ಅಲ್ಲಿಂದ ಗುರುತು ಹರಡುತ್ತದೆ.

"ಅಂದ್ರೆ ಅಳತೆ ಪುಸ್ತಕ ಬೇರೆ ಐತಿ ಅನ್ನು," ಎಂದರು ಅಪ್ಪಾಜಿ. ಮೆಷಿನ್ ಪಕ್ಕದ ಗೂಡಿನಲ್ಲಿದ್ದ ತಮ್ಮ ನೋಟ್‌ಬುಕ್ ಕಡೆ ಕೈ ತೋರಿಸಿದರು.

ನಮ್ಮ ಕೋಶಗಳಿಗೂ ಇಇಡಿ ವಾಪಸ್ ಕೊಟ್ಟಿದ್ದೇವೆ. ಬ್ಲಾಟ್‌ನಲ್ಲಿ ಕಪ್ಪು ಗೆರೆ ಮರಳಿದೆ. ಸೋಮವಾರ ಲಿಫ್ ನಿಲ್ಲಿಸುತ್ತೇವೆ. ಉಂಡೆ ಮಿಡಿದರೆ ವಿಡಿಯೋ ಕಳಿಸುತ್ತೇನೆ ಎಂದು ಅಪ್ಪಾಜಿಗೆ ಹೇಳಿದ್ದೇನೆ.