ಐದು ಸ್ಟಾರ್‌ಗಳ ಹುಡುಗ ಏಕೆ ಮಿಂಚಲಿಲ್ಲ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ನವೆಂಬರ್ ಆರಂಭದಲ್ಲಿ ಶುರುವಾಗುತ್ತದೆ. ಡಿಸೆಂಬರ್ ಮುಗಿಯುವಷ್ಟರಲ್ಲಿ ನನಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆ ಬೇರೆ ತಂಡಗಳ ಅಭಿಮಾನಿಗಳು, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ: "ಐದು ಸ್ಟಾರ್ ಪಡೆದು ನಮ್ಮ ತಂಡಕ್ಕೆ ಬಂದ ಹುಡುಗ ಪಂದ್ಯಕ್ಕೆ ಏಳೆಂಟು ಅಂಕ ಗಳಿಸುವುದಕ್ಕೂ ಒದ್ದಾಡುತ್ತಿದ್ದಾನಲ್ಲ, ಅವನ ಬಗ್ಗೆ ಹೇಳಿದ್ದೆಲ್ಲ ಸುಳ್ಳೇ, ಅಥವಾ ಕೋಚ್ ಅವನನ್ನು ಹಾಳುಮಾಡುತ್ತಿದ್ದಾರೆಯೇ?" ಬಹುತೇಕ ಸಂದರ್ಭಗಳಲ್ಲಿ ಎರಡೂ ಅಲ್ಲ ಎಂಬುದು ನನ್ನ ಉತ್ತರ. ಪ್ರೌಢಶಾಲೆಯ ಆಟಗಾರರಿಗೆ ಪರಿಣತರು ಕೊಡುವ ಆ ಸ್ಟಾರ್‌ಗಳು (ಐದು ಎಂದರೆ ಅತಿ ಹೆಚ್ಚು) ಹೇಳಿದ್ದು ಒಂದು, ಅಭಿಮಾನಿ ಕೇಳಿಸಿಕೊಂಡದ್ದು ಇನ್ನೊಂದು.

ಪ್ರೌಢಶಾಲೆಯ ಹುಡುಗರಿಗೆ ಸ್ಟಾರ್ ಕೊಡುವವರು ಅವರನ್ನು ಹದಿನಾರು, ಹದಿನೇಳನೆಯ ವಯಸ್ಸಿನಲ್ಲಿ ಶಾಲೆಯ ಪಂದ್ಯಗಳಲ್ಲೂ ಬೇಸಿಗೆಯ ಟೂರ್ನಿಗಳಲ್ಲೂ ನೋಡಿರುತ್ತಾರೆ. ಅವರು ಅಳೆಯುವುದು ಎತ್ತರವನ್ನು, ತೋಳಿನ ಉದ್ದವನ್ನು, ಜಿಗಿತವನ್ನು, ಚೆಂಡು ಕೈಯಲ್ಲಿದ್ದಾಗಿನ ಚುರುಕನ್ನು; ಇವುಗಳಿಂದ ಅವರು ಊಹಿಸುವುದು ಬಹುಮಟ್ಟಿಗೆ ಆ ಹುಡುಗ ಒಂದು ದಿನ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ತಲುಪುವ ಸಾಧ್ಯತೆಯನ್ನು. ಅಭಿಮಾನಿಯಾದರೋ ಅದನ್ನು ಈ ಚಳಿಗಾಲಕ್ಕೆ, ಈ ತಂಡಕ್ಕೆ ಕೊಟ್ಟ ಮಾತು ಎಂದು ಓದಿಕೊಳ್ಳುತ್ತಾನೆ. 2015ರಲ್ಲಿ ಕೆಂಟಕಿ ವಿಶ್ವವಿದ್ಯಾಲಯ ಸೇರಿದ ಸ್ಕಾಲ್ ಲಾಬಿಸಿಯೇರ್ ಅವರ ಪ್ರಸಂಗವನ್ನೇ ನೋಡಿ. ಆ ವರ್ಷದ ಅತ್ಯುತ್ತಮ ಹೊಸಬರ ಸಾಲಿನಲ್ಲಿ ತುತ್ತತುದಿಯಲ್ಲಿದ್ದ ಅವರು ಕಾಲೇಜಿನಲ್ಲಿ ಗಳಿಸಿದ ಸರಾಸರಿ ಪಂದ್ಯಕ್ಕೆ 6.6 ಅಂಕ. ಅಭಿಮಾನಿಗಳ ಲೆಕ್ಕದಲ್ಲಿ ಇದು ಸೋಲು. ಆದರೆ ಮರುವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ) ಅವರು 28ನೆಯವರಾಗಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ವೃತ್ತಿಪರ ತಂಡಗಳು ಅವರ ಎತ್ತರವನ್ನೂ ಕೈಚಳಕವನ್ನೂ ನೋಡಿ ಮಾಡಿದ ಅಂದಾಜು, ಕಾಲೇಜಿನ ಒಂದು ಋತು ಮುಗಿದ ಮೇಲೂ ಪೂರ್ತಿ ಅಳಿಸಿಹೋಗಿರಲಿಲ್ಲ.

ಹೀಗೆಂದು ಶ್ರೇಯಾಂಕಗಳೆಲ್ಲ ಬುರುಡೆ ಎಂದು ತಳ್ಳಿಹಾಕುವುದೂ ತಪ್ಪು. ಮುಂದೆ ಎನ್‌ಬಿಎ ತಾರೆಯಾದ ಸ್ಟೀಫನ್ ಕರಿ ಅವರಿಗೆ ತಂದೆ ಆಡಿದ್ದ ವರ್ಜೀನಿಯಾ ಟೆಕ್ ಸ್ಕಾಲರ್‌ಶಿಪ್ ಕೊಡಲಿಲ್ಲ, ಅವರು ಪುಟ್ಟ ಡೇವಿಡ್ಸನ್ ಕಾಲೇಜಿಗೆ ಹೋಗಿ 2008ರಲ್ಲಿ ಆ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟಕ್ಕೆ ಒಯ್ದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆ ಅಷ್ಟು ಹೆಸರುವಾಸಿಯಾಗಿರುವುದೇ ಅದು ಅಪರೂಪ ಎಂಬ ಕಾರಣಕ್ಕೆ. ಸ್ಟಾರ್ ಕಡಿಮೆ ಇರುವ ಪ್ರತಿ ಹುಡುಗನಲ್ಲೂ ಒಬ್ಬ ಕರಿಯನ್ನು ಕಾಣುವ ಅಭಿಮಾನಿಯೂ ಅಷ್ಟೇ ಎಡವುತ್ತಾನೆ.

ಎರಡನೆಯ ತೊಡಕು ಬರೀ ಕೂಡಿಸುವ ಲೆಕ್ಕದ್ದು. ಪುರುಷರ ಕಾಲೇಜು ಪಂದ್ಯ 40 ನಿಮಿಷದ್ದು, ಅಂಕಣದಲ್ಲಿ ಐವರು. ಅಂದರೆ ಕೋಚ್ ಕೈಯಲ್ಲಿ ಹಂಚುವುದಕ್ಕಿರುವುದು ಒಟ್ಟು 200 ನಿಮಿಷ. ಒಂದು ಪಂದ್ಯದಲ್ಲಿ ಒಂದು ತಂಡಕ್ಕೆ ದಾಳಿಯ ಸರದಿ ಸಿಗುವುದು ಸುಮಾರು 70 ಬಾರಿ. ಅಭಿಮಾನಿಯೋ ಬೇಸಿಗೆಯಲ್ಲಿ ಕುಳಿತು ಇವನು 20 ಅಂಕ, ಅವನು 18, ಮತ್ತೊಬ್ಬ 15, ಬೆಂಚಿನಿಂದ ಬರುವ ನಾಲ್ವರು ತಲಾ ಎಂಟು ಎಂದು ಲೆಕ್ಕ ಹಾಕುತ್ತಾನೆ. ಇಷ್ಟಕ್ಕೇ 85 ಆಯಿತು, ಮೊದಲ ಐವರಲ್ಲಿ ಇನ್ನಿಬ್ಬರ ಅಂಕ ಲೆಕ್ಕಕ್ಕೇ ಬಂದಿಲ್ಲ; ಋತುವಿನುದ್ದಕ್ಕೂ ಅಷ್ಟು ಸರಾಸರಿ ಗಳಿಸುವ ತಂಡಗಳೇ ಕೆಲವು. 2018–19ರಲ್ಲಿ ಡ್ಯೂಕ್ ತಂಡಕ್ಕೆ ಝಯಾನ್ ವಿಲಿಯಮ್ಸನ್, ಆರ್‌.ಜೆ. ಬ್ಯಾರೆಟ್, ಕ್ಯಾಮ್ ರೆಡ್ಡಿಶ್ ಮೂವರೂ ಒಟ್ಟಿಗೆ ಬಂದರು. ವಿಲಿಯಮ್ಸನ್ ಮತ್ತು ಬ್ಯಾರೆಟ್ ಇಬ್ಬರದೂ ಪಂದ್ಯಕ್ಕೆ 22.6 ಅಂಕ, ರೆಡ್ಡಿಶ್ ಅವರದು 13.5, ಅದೂ ನೂರು ಎಸೆತಕ್ಕೆ ಸುಮಾರು ಮೂವತ್ತಾರು ಮಾತ್ರ ಬುಟ್ಟಿಗೆ ಬಿದ್ದು. ಆ ಇಡೀ ಋತುವಿನಲ್ಲಿ ಅತಿ ಹೆಚ್ಚು ಬೈಗುಳ ತಿಂದವರು ಅವರೇ.

ರೆಡ್ಡಿಶ್ ಅವರ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ಆ ಸಂಖ್ಯೆಯ ಒಳಗು ತಿಳಿಯುತ್ತದೆ. ಪ್ರೌಢಶಾಲೆಯಲ್ಲಿ ಇಂಥ ಹುಡುಗ ಚೆಂಡನ್ನು ತಾನೇ ತರುತ್ತಾನೆ, ಎರಡು ಬಾರಿ ಪುಟಿಸಿ ಎದುರಾಳಿಯ ತೂಕ ಯಾವ ಕಾಲಿನ ಮೇಲಿದೆ ಎಂದು ನೋಡುತ್ತಾನೆ, ತನಗೆ ಬೇಕಾದಾಗ ಎಸೆಯುತ್ತಾನೆ, ಲಯ ಅವನದು. ಕಾಲೇಜಿನಲ್ಲಿ ಮೂರನೆಯ ಆಯ್ಕೆಯಾದವನು ಮೂಲೆಯಲ್ಲಿ ನಿಲ್ಲಬೇಕು. ಮೂರು ಸರದಿ ಚೆಂಡು ಅವನ ಕೈಗೆ ಸೋಂಕುವುದೇ ಇಲ್ಲ. ನಾಲ್ಕನೆಯದರಲ್ಲಿ, 30 ಸೆಕೆಂಡಿನ ಗಡಿಯಾರದಲ್ಲಿ ಇನ್ನೇನು ಐದಾರು ಸೆಕೆಂಡು ಉಳಿದಿರುವಾಗ, ಯಾರೋ ಇಕ್ಕಟ್ಟಿನಿಂದ ಅವನತ್ತ ತಳ್ಳುತ್ತಾರೆ, ಒಬ್ಬ ಎದುರಾಳಿ ಕೈ ಚಾಚಿ ಓಡಿಬರುತ್ತಿರುತ್ತಾನೆ. ಗೆರೆಯೂ ಹಿಂದಿನದಲ್ಲ: ಪ್ರೌಢಶಾಲೆಯಲ್ಲಿ ಮೂರು ಅಂಕದ ಗೆರೆ 19 ಅಡಿ 9 ಅಂಗುಲ ದೂರದಲ್ಲಿದ್ದರೆ, ಪುರುಷರ ಕಾಲೇಜು ಆಟದಲ್ಲಿ ಅದು ರೆಡ್ಡಿಶ್ ಆಡಿದ ವರ್ಷ 20 ಅಡಿ 9 ಅಂಗುಲದಲ್ಲಿತ್ತು, 2019–20ರಿಂದ 22 ಅಡಿಗೂ ತುಸು ಆಚೆ ಇದೆ. ಈ ಎಸೆತವನ್ನು ಮಾಡುವುದು ಬೇರೆಯದೇ ಕಸುಬು, ಅದನ್ನು ಅವನು ಹಿಂದೆಂದೂ ಮಾಡಿರುವುದಿಲ್ಲ. ಇಷ್ಟಾಗಿಯೂ ರೆಡ್ಡಿಶ್ 2019ರ ಡ್ರಾಫ್ಟ್‌ನಲ್ಲಿ ಹತ್ತನೆಯವರಾಗಿ ಆಯ್ಕೆಯಾದರು.

ಆದರೂ ಹೊಸ ಹುಡುಗ ಬೆಂಚಿನ ಮೇಲೆ ಕೂರುವುದಕ್ಕೆ ಅಂಕಗಳಿಗಿಂತ ಹೆಚ್ಚಾಗಿ ರಕ್ಷಣೆ ಕಾರಣವಾಗಿರುತ್ತದೆ ಎಂಬುದನ್ನು ಅಭಿಮಾನಿಗಳಿಗೆ ಒಪ್ಪಿಸುವುದೇ ಕಷ್ಟ, ಏಕೆಂದರೆ ನಮ್ಮೆಲ್ಲರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಪ್ರೌಢಶಾಲೆಯಲ್ಲಿ ಉದ್ದನೆಯ ಹುಡುಗ ಬುಟ್ಟಿಯ ಕೆಳಗೆ ನಿಂತು, ಬಂದ ಎಸೆತಗಳನ್ನು ತಟ್ಟಿಹಾಕಿದರೆ ಸಾಕು. ಕಾಲೇಜಿನಲ್ಲಿ ಎದುರಾಳಿಗಳು ಅವನನ್ನೇ ಹುಡುಕಿ ಹೊರಗೆಳೆಯುತ್ತಾರೆ: ಅವನು ಕಾಯುತ್ತಿರುವ ಆಟಗಾರನೇ ಬಂದು ಸ್ಕ್ರೀನ್ ಹಾಕುತ್ತಾನೆ, ಅಂದರೆ ಇವನ ಜೊತೆಗಾರನ ದಾರಿಗೆ ಅಡ್ಡ ನಿಲ್ಲುತ್ತಾನೆ, ಆಗ ಇವನು ಮೊದಲೇ ಕೂಗಿ ಜೊತೆಗಾರನಿಗೆ ಎಚ್ಚರಿಸಬೇಕು, ಚೆಂಡು ಹಿಡಿದವನನ್ನು ಒಂದು ಕ್ಷಣ ತಡೆಯಬೇಕು, ಮರುಕ್ಷಣ ತನ್ನವನ ಬಳಿಗೆ ಓಡಬೇಕು. ಅರ್ಧ ಹೆಜ್ಜೆ ತಡವಾದರೆ ಸಹಾಯಕ್ಕೆ ಇನ್ನೊಬ್ಬ ಬರಬೇಕಾಗುತ್ತದೆ, ಆ ಇನ್ನೊಬ್ಬ ಬಿಟ್ಟುಬಂದ ಮೂಲೆಯಿಂದ ಮೂರು ಅಂಕ ಬೀಳುತ್ತದೆ. ಟಿವಿ ಪರದೆಯ ಮೇಲೆ ತಪ್ಪಿತಸ್ಥನಂತೆ ಕಾಣುವವನು ಮೂಲೆ ಬಿಟ್ಟು ಬಂದ ಆ ಪಾಪದ ಆಟಗಾರ. ಕೋಚ್ ಮರುದಿನ ವಿಡಿಯೊ ನೋಡಿ ಯಾರನ್ನು ಕೂರಿಸಬೇಕು ಎಂದು ನಿರ್ಧರಿಸುತ್ತಾರೆ, ಅಭಿಮಾನಿ ಅದನ್ನು ಪಕ್ಷಪಾತ ಎನ್ನುತ್ತಾನೆ. ಇದಕ್ಕೆ ತಿರುಗಿದ ಉದಾಹರಣೆ 2012ರ ಫೈನಲ್: ಕೆಂಟಕಿಯ ಆಂಟನಿ ಡೇವಿಸ್ ಹತ್ತು ಎಸೆತಗಳಲ್ಲಿ ಬುಟ್ಟಿಗೆ ಹಾಕಿದ್ದು ಒಂದೇ ಒಂದು, ಗಳಿಸಿದ್ದು ಆರೇ ಅಂಕ; ಆದರೂ 16 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದದ್ದು), ಆರು ಬ್ಲಾಕ್‌ಗಳೊಂದಿಗೆ (ಎದುರಾಳಿಯ ಎಸೆತವನ್ನು ತಟ್ಟಿಹಾಕಿದ್ದು) ಆ ಟೂರ್ನಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಅವರೇ.

ವಯಸ್ಸಿನ ವಿಷಯದಲ್ಲಿ ನಮ್ಮ ನಿರೀಕ್ಷೆ ಎರಡೂ ಕಡೆಗೆ ವಾಲುತ್ತದೆ. ಮೊದಲ ವರ್ಷದವನಿಂದ ಅತಿಯಾಗಿ ಬಯಸುತ್ತೇವೆ, ಎರಡನೆಯ ವರ್ಷವೂ ಬೆಂಚಿನಲ್ಲಿದ್ದವನನ್ನು ಮರೆತೇಬಿಡುತ್ತೇವೆ. ವಿಸ್ಕಾನ್ಸಿನ್‌ನ ಫ್ರಾಂಕ್ ಕಮಿನ್ಸ್ಕಿ ಮೊದಲ ವರ್ಷ ಪಂದ್ಯಕ್ಕೆ 1.8 ಅಂಕ ಗಳಿಸಿದ್ದರು, ಎರಡನೆಯ ವರ್ಷ 4.2, ಮೂರನೆಯ ವರ್ಷ 13.9, ನಾಲ್ಕನೆಯ ವರ್ಷ 18.8. ಆ ನಾಲ್ಕನೆಯ ವರ್ಷ, 2015ರಲ್ಲಿ, ಅವರು ದೇಶದ ಅತ್ಯುತ್ತಮ ಆಟಗಾರರಾದರು. ಅವರ ತಂಡವು 38 ಪಂದ್ಯ ಗೆದ್ದು ಒಂದನ್ನೂ ಸೋಲದೆ ಬಂದಿದ್ದ ಕೆಂಟಕಿಯನ್ನು ಸೆಮಿಫೈನಲ್‌ನಲ್ಲಿ 71–64ರಿಂದ ಮನೆಗೆ ಕಳುಹಿಸಿತು. ಹಾಗೆಂದು ಬೆಳವಣಿಗೆ ಮೆಟ್ಟಿಲಿನ ಹಾಗೆ ಏರುತ್ತಲೇ ಹೋಗಬೇಕೆಂದೂ ಇಲ್ಲ. ಮೈಕಲ್ ಜೋರ್ಡಾನ್ ನಾರ್ತ್ ಕ್ಯಾರೊಲೈನಾದಲ್ಲಿ ಎರಡನೆಯ ವರ್ಷ ಪಂದ್ಯಕ್ಕೆ 20 ಅಂಕ ಗಳಿಸಿ ಮೂರನೆಯ ವರ್ಷ 19.6ಕ್ಕೆ ಇಳಿದರು, ದೇಶದ ಶ್ರೇಷ್ಠ ಕಾಲೇಜು ಆಟಗಾರನ ಪ್ರಮುಖ ಪ್ರಶಸ್ತಿಗಳು ಅವರಿಗೆ ಬಂದದ್ದು ಆ ಮೂರನೆಯ ವರ್ಷ.

ಇನ್ನು ಡಿಸೆಂಬರ್ ಎಂಬ ತಿಂಗಳೇ ಮೋಸದ್ದು. ನೂರಕ್ಕೆ 35 ಎಸೆತ ಬುಟ್ಟಿಗೆ ಹಾಕಬಲ್ಲ ಒಬ್ಬ ಎಸೆತಗಾರ ಹತ್ತು ಪಂದ್ಯಗಳಲ್ಲಿ 40 ಬಾರಿ ಮೂರು ಅಂಕಕ್ಕೆ ಪ್ರಯತ್ನಿಸಿದ್ದಾನೆ ಎನ್ನೋಣ. ಅವನಿಂದ ನಿರೀಕ್ಷಿಸಬೇಕಾದದ್ದು 14. ಆದರೆ ಬರೀ ಅದೃಷ್ಟದ ಏರಿಳಿತದಿಂದಲೇ ಅದು 11 ಆಗುವುದೂ 17 ಆಗುವುದೂ ತೀರ ಸಾಮಾನ್ಯ. 11 ಆದರೆ ಶೇಕಡ 27.5, "ಇವನಿಗೆ ಎಸೆಯುವುದಕ್ಕೇ ಬರುವುದಿಲ್ಲ". 17 ಆದರೆ ಶೇಕಡ 42.5, "ಇವನನ್ನು ಇಷ್ಟು ದಿನ ಏಕೆ ಆಡಿಸಲಿಲ್ಲ?" ಎರಡೂ ಕೂಗು ಒಬ್ಬನೇ ಹುಡುಗನ ಮೇಲೆ ಏಳಬಹುದಾಗಿತ್ತು. 2013–14ರ ಕೆಂಟಕಿ ತಂಡ ಪ್ರೌಢಶಾಲೆಯ ಆರು ಮಂದಿ ಆಲ್-ಅಮೆರಿಕನ್ನರನ್ನು (ದೇಶದ ಅತ್ಯುತ್ತಮರ ಪಟ್ಟಿಗೆ ಸೇರಿದವರನ್ನು) ಒಂದೇ ವರ್ಷ ಸೇರಿಸಿಕೊಂಡು ದೇಶದ ನಂಬರ್ ಒನ್ ಎಂದು ಋತು ಆರಂಭಿಸಿತು, ಟೂರ್ನಿಗೆ ಬರುವಾಗ ತನ್ನ ಪ್ರಾದೇಶಿಕ ವಿಭಾಗದಲ್ಲೇ ಎಂಟನೆಯ ಶ್ರೇಯಾಂಕಕ್ಕೆ ಕುಸಿದಿತ್ತು, ಆಮೇಲೆ ಆರನ್ ಹ್ಯಾರಿಸನ್ ಅವರು ಮಿಷಿಗನ್ ವಿರುದ್ಧವೂ ವಿಸ್ಕಾನ್ಸಿನ್ ವಿರುದ್ಧವೂ ಕೊನೆಯ ಕ್ಷಣಗಳಲ್ಲಿ ಮೂರು ಅಂಕ ಹಾಕಿ ತಂಡವನ್ನು ಫೈನಲ್‌ಗೆ ತಂದರು. ಅಲ್ಲಿ ಕನೆಕ್ಟಿಕಟ್ ವಿರುದ್ಧ 60–54ರಿಂದ ಸೋತರು. ಫೆಬ್ರವರಿಯಲ್ಲಿ ಅವರನ್ನು ಸೋಮಾರಿಗಳೆಂದು ಕರೆದವರೇ ಏಪ್ರಿಲ್‌ನಲ್ಲಿ ಎದೆಗಾರಿಕೆಯ ಹುಡುಗರೆಂದು ಹೊಗಳಿದರು.

ಈಗ ದುಡ್ಡಿನ ಮಾತು ಸೇರಿಕೊಂಡಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು. 2025ರಿಂದ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಪಾಲು ಕೊಡುತ್ತಿವೆ. "ಇಷ್ಟು ಹಣ ಪಡೆದ ಮೇಲೆ ಆಡಬೇಡವೇ?" ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಸ್ಕ್ರೀನ್ ಬಂದಾಗ ಯಾವ ಕಾಲು ಮುಂದಿಡಬೇಕು ಎಂಬುದು ಬ್ಯಾಂಕ್ ಖಾತೆ ತುಂಬಿದ ಮಾತ್ರಕ್ಕೆ ಬೇಗ ಬರುವ ವಿದ್ಯೆಯಲ್ಲ. ಮೇಲಾಗಿ ಕೋವಿಡ್‌ನಿಂದ ಏರುಪೇರಾದ 2020–21ರ ಋತುವಿನ ಕಾರಣ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಒಂದು ವರ್ಷ ಹೆಚ್ಚಿಗೆ ಆಡಲು ಬಿಟ್ಟದ್ದರಿಂದಲೂ, ತಂಡ ಬದಲಿಸಿದವರು ಒಂದು ವರ್ಷ ಕಾಯಬೇಕೆಂಬ ಹಳೆಯ ನಿಯಮ ಸಡಿಲವಾದದ್ದರಿಂದಲೂ, ಹದಿನೆಂಟರ ಹುಡುಗ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಗಟ್ಟಿ ಆಳುಗಳ ಎದುರು ನಿಲ್ಲಬೇಕಾಯಿತು. ವರ್ಜೀನಿಯಾದ ಡಿಆಂಡ್ರೆ ಹಂಟರ್ ಮೊದಲ ವರ್ಷ ಒಂದು ಪಂದ್ಯವನ್ನೂ ಆಡದೆ ಅಭ್ಯಾಸ ಮಾಡಿದರು, ಮರುವರ್ಷ ಬೆಂಚಿನಿಂದ ಬಂದರು, ಅದರ ಮುಂದಿನ ವರ್ಷ, 2019ರ ಫೈನಲ್‌ನಲ್ಲಿ, 27 ಅಂಕ ಗಳಿಸಿ ಗೆಲ್ಲಿಸಿದರು. ಇಂದು ಅಂಥ ಹುಡುಗ ಮೊದಲ ವಸಂತದಲ್ಲೇ ಬೇರೆ ತಂಡಕ್ಕೆ ಹೊರಟುಬಿಡುವ ಸಂಭವವೇ ಹೆಚ್ಚು, ಮತ್ತು ಅದರಲ್ಲಿ ಅವನ ತಪ್ಪು ಎಷ್ಟು, ಅವನ ಹಿಂದೆ ಬಿದ್ದ ನಮ್ಮಂಥವರ ಅವಸರ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಾಗಾದರೆ ಹೊಸಬನೊಬ್ಬ ಸರಿದಾರಿಯಲ್ಲಿದ್ದಾನೆಯೇ ಎಂದು ತಿಳಿಯುವುದು ಹೇಗೆ ಎಂದು ಒತ್ತಾಯಿಸಿದರೆ, ಅಂಕಗಳ ಕಾಲಂ ಬಿಟ್ಟು ಎರಡು ವಿಷಯ ನೋಡಿ ಎನ್ನುತ್ತೇನೆ. ಜನವರಿಯಲ್ಲಿ ಅವನು ಮಾಡುವ ಫೌಲ್‌ಗಳು ನವೆಂಬರಿಗಿಂತ ಕಡಿಮೆಯಾಗಿವೆಯೇ ಎಂಬುದು ಮೊದಲನೆಯದು. ಕಾಲು ತಡವಾದಾಗಲೇ ಕೈ ಮುಂದೆ ಹೋಗುವುದು. ಎರಡನೆಯದು, ಅಂತರ ಐದು ಅಂಕಕ್ಕಿಂತ ಕಡಿಮೆ ಇರುವ ಪಂದ್ಯದ ಕೊನೆಯ ನಾಲ್ಕು ನಿಮಿಷದಲ್ಲಿ ಕೋಚ್ ಅವನನ್ನು ಅಂಕಣದಲ್ಲಿ ಉಳಿಸಿಕೊಳ್ಳುತ್ತಾರೆಯೇ ಎಂಬುದು. ಉಳಿಸಿಕೊಂಡರೆ, ಅವನು ಗಳಿಸಿದ್ದು ನಾಲ್ಕೇ ಅಂಕವಾದರೂ ನಾನು ಚಿಂತಿಸುವುದಿಲ್ಲ; ಅವನ ಜಾಗದಲ್ಲಿ ಆಡುವ ಹಿರಿಯನು ಐದು ಫೌಲ್ ಮಾಡಿ ಹೊರಗೆ ಹೋಗಿದ್ದಾನೆಯೇ ಎಂದು ಮಾತ್ರ ಒಮ್ಮೆ ನೋಡಿಕೊಳ್ಳುತ್ತೇನೆ.