ಹತ್ತಿದ್ದು ಸರಿ, ಇಳಿದದ್ದು ಹೇಗೆ?

ಸೈಕಲ್‌ನಲ್ಲಿ ಮುಳ್ಳಯ್ಯನಗಿರಿಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಅಷ್ಟೆತ್ತರ ಹೇಗೆ ತುಳಿದೆ ಮಾರಾಯ ಅಂತ. ತುಳಿಯುವುದು ಬಿಡಿ, ಅದು ಬರೀ ಕಾಲುನೋವು. ನನ್ನ ಜೀವ ಬಾಯಿಗೆ ಬಂದದ್ದು ಇಳಿಯುವಾಗ.

ನಮ್ಮ ಚಿಕ್ಕಮಗಳೂರು ಪೇಟೆಯೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಗಿರಿಯ ತುದಿ 1,930. ದಾರಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಕೈಮರದ ತನಕ ಏನೂ ಅನ್ನಿಸುವುದಿಲ್ಲ, ಚೆಕ್‌ಪೋಸ್ಟ್ ದಾಟಿದ ಮೇಲೆ ರಸ್ತೆ ತನ್ನ ಬುದ್ಧಿ ತೋರಿಸುತ್ತದೆ. ನಾನು ಬೆಳಗ್ಗೆ ಐದೂವರೆಗೆ ಹೊರಟಿದ್ದೆ, ಅದೂ ಮಂಗಳವಾರ. ಭಾನುವಾರ ಮಾತ್ರ ಬೇಡವೇ ಬೇಡ, ಕಾರುಗಳ ಹೊಗೆ ಕುಡಿದುಕೊಂಡು ಹತ್ತುವುದಕ್ಕಿಂತ ಮನೆಯಲ್ಲಿ ಮಲಗುವುದು ವಾಸಿ.

ಮಾರ್ಚ್ ತಿಂಗಳು. ವಾರದ ಹಿಂದಷ್ಟೇ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡುವಂತೆ ಮಾಡುವ ಮಳೆ, ಬಿದ್ದಿತ್ತು. ಎರಡೂ ಕಡೆ ತೋಟದಲ್ಲಿ ಕಾಫಿ ಹೂ ಬಿರಿದು, ರೆಂಬೆ ರೆಂಬೆಗೂ ಮಂಡಕ್ಕಿ ಪೋಣಿಸಿಟ್ಟ ಹಾಗಿತ್ತು. ಘಮ ಅಂದರೆ ಮಲ್ಲಿಗೆಯಂಥದ್ದೇ, ಸ್ವಲ್ಪ ಜಾಸ್ತಿ ಸಿಹಿ. ಮೂರ್ನಾಲ್ಕು ದಿನ ಇರುತ್ತದೆ, ಆಮೇಲೆ ಹೂವೆಲ್ಲ ಕಂದು ತಿರುಗುತ್ತದೆ. ಒಂದು ತಿರುವಿನಲ್ಲಿ ಏದುಸಿರು ಬಿಡುತ್ತಾ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದೆ, ಜೀಪಿನವನೊಬ್ಬ ನಿಧಾನ ಮಾಡಿ, "ಏನ್ ಸಾರ್, ಪೆಟ್ರೋಲ್ ಖಾಲಿನಾ?" ಅಂದ. ನಗುವುದಕ್ಕೂ ಉಸಿರಿರಲಿಲ್ಲ.

ಸೀತಾಳಯ್ಯನಗಿರಿ ದಾಟಿದ ಮೇಲೆ ತೋಟ ಮುಗಿದು ಬರೀ ಹುಲ್ಲು, ಗಾಳಿ. ರಸ್ತೆ ಮುಗಿದಲ್ಲಿ ಸೈಕಲ್‌ಗೆ ಬೀಗ ಹಾಕಿ ಮೆಟ್ಟಿಲು ಹತ್ತಿದೆ, ಗದ್ದುಗೆಗೆ ಕೈ ಮುಗಿದೆ, ಬಾಳೆಹಣ್ಣು ತಿಂದೆ. ಅಷ್ಟೇ.

ಇನ್ನು ಇಳಿಯುವುದು. ನನ್ನದು ಹಳೆಯ ಸೈಕಲ್, ಡಿಸ್ಕ್ ಬ್ರೇಕ್ ಇಲ್ಲ, ರಬ್ಬರ್ ತುಂಡುಗಳು ರಿಮ್ಮನ್ನೇ ಹಿಡಿಯಬೇಕು. ಹೆದರಿಕೆಗೆ ಎರಡೂ ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಬಂದೆ. ಎರಡು ಕಿಲೋಮೀಟರ್ ಆಗಿರಬೇಕು, ಸುಟ್ಟ ವಾಸನೆ ಮೂಗಿಗೆ ಬಡಿಯಿತು, ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒತ್ತಿದರೂ ವೇಗ ಕಮ್ಮಿ ಆಗುತ್ತಿಲ್ಲ, ಎದುರಿಗೆ ತಿರುವು, ಅದರಾಚೆ ಪ್ರಪಾತ. ಒಳಗಡೆಯ ಗುಡ್ಡದ ಬದಿಗೆ ಸೈಕಲ್ ತಿರುಗಿಸಿ, ಕಾಲು ಉಜ್ಜಿಕೊಂಡು ಹೇಗೋ ಚರಂಡಿ ಪಕ್ಕ ನಿಂತೆ. ಸುಮ್ನೆ ರಿಮ್ ಮುಟ್ಟಿ ನೋಡಿದರೆ ದೋಸೆಕಲ್ಲು! ರಿಮ್ ಹಾಗೇ ಬಿಸಿಯಾಗುತ್ತಾ ಹೋದರೆ ಒಳಗಿನ ಟ್ಯೂಬೇ ಸಿಡಿಯಬಹುದು. ಹದಿನೈದು ನಿಮಿಷ ಕೂತು, ಆಮೇಲೆ ಒತ್ತುವುದು ಬಿಡುವುದು, ಒತ್ತುವುದು ಬಿಡುವುದು, ನಡುನಡುವೆ ನಿಲ್ಲುವುದು. ಮೊದಲೇ ಹೀಗೆ ಮಾಡಬೇಕಿತ್ತು, ಅಲ್ವಾ?

ಮರುದಿನ ಸೈಕಲ್ ಅಂಗಡಿಯವರು ಬ್ರೇಕ್ ಬಿಚ್ಚಿ ನನ್ನ ಮುಖ ನೋಡಿದರು. "ಇದ್ರಲ್ಲಿ ರಬ್ಬರ್ ಎಲ್ಲಿದೆ ಸಾರ್?" ಹೊಸದು ಹಾಕಿಸಿದ್ದೇನೆ. ಮಳೆ ಹಿಡಿಯುವುದರೊಳಗೆ ಬಾಬಾಬುಡನ್‌ಗಿರಿ ಕಡೆಗೂ ಒಂದು ಸಲ ಹೋಗಬೇಕು.