ಮೂರು ಗ್ರಾಂ

ಹೊನ್ನಾವರ
ಮಾರ್ಚ್ 24, 2025, ಸೋಮವಾರ

ಈ ಸೆಕೆಗೆ ತಲೆಯೇ ಓಡುತ್ತಿಲ್ಲ. ಅಸರ್ ನಮಾಜ್ ಮುಗಿಸಿ, ವರ್ಷಕ್ಕೊಮ್ಮೆ ಬಡವರಿಗೆ ಕೊಡಲೇಬೇಕಾದ ಜಕಾತ್‌ನ ಲೆಕ್ಕಕ್ಕೆ ಒಡವೆಯನ್ನೆಲ್ಲ ಮಂಚದ ಮೇಲೆ ಹರವಿಕೊಂಡು ಕೂತಿದ್ದೆ. ಮೇಲಿನ ಮನೆ ಆಪಾ ಪುದೀನಾ ಕೇಳಿಕೊಂಡು ಇಳಿದು ಬಂದರು.

"ಎಂಥದಿದು, ಬಂಗಾರದ ಅಂಗಡಿ ಇಟ್ಟಿದ್ದೀಯಾ?"

"ಜಕಾತ್ ಲೆಕ್ಕ ಆಪಾ. ಅಮ್ಮಿ ಶಿರಸಿಯಿಂದ ದಿನಾ ಫೋನ್ ಮಾಡಿ 'ಆಯ್ತಾ, ಆಯ್ತಾ' ಅಂತಿದ್ದಾರೆ."

"ತೊಡೋ ಒಡವೆಗೆ ಎಂತಾ ಜಕಾತ್ ಮಾರಾಯ್ತಿ? ನಮ್ಮಲ್ಲಿಲ್ಲ."

ಆಪಾ ಭಟ್ಕಳದವರು, ಶಾಫಿ ಮಜ್‌ಹಬ್‌ನವರು. ನಾವು ಹನಫಿ. ಎರಡೂ ಸುನ್ನಿಗಳ ಧರ್ಮಶಾಸ್ತ್ರದ ಪಂಥಗಳೇ, ಕಟ್ಟಳೆ ಮಾತ್ರ ಅಲ್ಲಲ್ಲಿ ಬೇರೆ. ಬಿಸ್ಕತ್ತು, ನಾಣ್ಯ ಅಂತ ಕೂಡಿಟ್ಟರೆ ಅವರೂ ಕೊಡಬೇಕಂತೆ, ವಾಡಿಕೆ ಮೀರಿ ಹೇರಿಕೊಂಡರೂ ಕೊಡಬೇಕಂತೆ. "ವಾಡಿಕೆ ಅಂದ್ರೆ ಎಷ್ಟು ಆಪಾ, ಭಟ್ಕಳದ ಮದುವೆಮನೆ ವಾಡಿಕೆಯಾ?" ಅಂದೆ. ನಗು ತಡೆಯಲಾಗದೆ ಮಂಚದ ಮೇಲೇ ಕೂತುಬಿಟ್ಟರು. ನನ್ನ ಲಚ್ಛಾದ, ಅಂದರೆ ಕರಿಮಣಿ ಸರದ, ಕೊಂಡಿ ಸಡಿಲಾಗಿ ಯಾವ ಕಾಲದಿಂದಲೋ ಕೆಂಪು ದಾರ ಸುತ್ತಿಟ್ಟಿದ್ದೇನೆ. ಆ ದಾರವನ್ನು ಉಗುರಿನಿಂದ ಎಬ್ಬಿಸುತ್ತಾ, "ಇದನ್ನ ಮೊದಲು ಬೆಸುಗೆ ಹಾಕಿಸು, ಕಳಕೊಂಡ್ರೆ ಆಮೇಲೆ ಲೆಕ್ಕಾನೇ ಬೇಡ" ಅಂದರು.

ನಮ್ಮಲ್ಲಿ ಏಳೂವರೆ ತೊಲ, ಅಂದರೆ 87.48 ಗ್ರಾಂ ಬಂಗಾರವಿದ್ದು ಚಾಂದ್ರಮಾನದ ಒಂದು ವರ್ಷ ಕಳೆದರೆ ನೂರಕ್ಕೆ ಎರಡೂವರೆ. ತೊಟ್ಟರೂ ಅಷ್ಟೇ, ಲಾಕರಿನಲ್ಲಿಟ್ಟರೂ ಅಷ್ಟೇ. ಕರಿಮಣಿ, ಕಲ್ಲು ಕಳೆದು ನನ್ನದು 120 ಗ್ರಾಂ. ಮೂರು ಗ್ರಾಂ ಕೊಡಬೇಕು. ಗ್ರಾಮಿಗೆ 8,000 ದಾಟಿದೆ, ಅಂದರೆ 24,000ದ ಮೇಲೆ. ಒಡವೆ ನನ್ನದಾದ ಮೇಲೆ ಜಕಾತೂ ನನ್ನ ತಲೆಗೇ, ಇವರ ಸಂಬಳದಿಂದ ಕೇಳುವ ಹಾಗಿಲ್ಲ. ಹೊಲಿಗೆಯ ದುಡ್ಡೆಲ್ಲ ಗುಡಿಸಿದರೆ ಆದೀತು.

ಇಲ್ಲ ಅನ್ನುವುದಿಲ್ಲ, ಒಂದು ಗಳಿಗೆ ಶಾಫಿಗಳ ಮೇಲೆ ಆಸೆಯಾಯಿತು. ಆದರೆ ರೇಟು ನೋಡಿ ಮಜ್‌ಹಬ್ ಬದಲಿಸಲಾದೀತೇ? ಹಾಗೆ ಹಾರುವುದಾದರೆ ಈದ್ ಹತ್ತಿರ ಬಂದ ಕೂಡಲೇ ವಾಪಸು ಹಾರಬೇಕು. ಈದ್‌ಗೆ ಮುಂಚೆ ಬಡವರಿಗೆ ಕೊಡುವ ಫಿತ್ರಾಕ್ಕೆ ಆಪಾ ಅಕ್ಕಿಯನ್ನೇ ಅಳೆದು ಕೊಡಬೇಕು, ನಮಗೆ ದುಡ್ಡು ಕೊಟ್ಟರೂ ನಡೆಯುತ್ತದೆ!

ಇಫ್ತಾರ್, ಪಾತ್ರೆ, ತರಾವೀಹ್ ಎಲ್ಲ ಮುಗಿದು ಈಗ ಹನ್ನೊಂದೂವರೆ. ನಿದ್ದೆ ಬರುತ್ತಿಲ್ಲ. ಲೆಕ್ಕವೇನೋ ಆಯಿತು, ಕೊಡುವುದು ಹೇಗೆ?

ಟೊಂಕ ಊರಿನ ನಾದಿನಿಗೆ ಅಂತ ಮನಸ್ಸಿನಲ್ಲಿದೆ. ಅಪ್ಪ ಅಮ್ಮನಿಗೆ, ಹೆತ್ತ ಮಕ್ಕಳಿಗೆ ಕೊಡುವಂತಿಲ್ಲ. ಗಂಡನ ತಂಗಿಗೆ ಕೊಡಬಹುದು. ಕುರಾನಿನ ಸೂರಾ ತೌಬಾದ 60ನೇ ಆಯತ್‌ನಲ್ಲಿ ಜಕಾತ್ ಪಡೆಯಬಹುದೆಂದು ಹೇಳಿರುವ ಎಂಟು ಬಗೆಯವರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ದೋಣಿಯ ಇಂಜಿನ್ ಸಾಲಕ್ಕೆ ಅವಳ ಬಳೆಗಳೂ ಹೋದವು. ಆದರೆ ಅವಳು ಮೊನ್ನೆಮೊನ್ನೆಯವರೆಗೆ ಜಕಾತ್ ಕೊಡುತ್ತಿದ್ದವಳು. ನನಗಿಂತ ಮೊದಲೇ, ರಜಬ್‌ನಲ್ಲೇ ಕೊಟ್ಟು ಮುಗಿಸಿ, ನನ್ನ ಸೋಮಾರಿತನಕ್ಕೆ ಬೈಯುತ್ತಿದ್ದವಳು. ಅವಳ ಕೈಗೆ ಲಕೋಟೆ ಇಟ್ಟು 'ಜಕಾತ್' ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಹೇಳಲೇಬೇಕೆಂದೇನೂ ಇಲ್ಲ. ಕೊಡುವವರ ನಿಯತ್ತು ಸರಿಯಿದ್ದರೆ ಸಾಕು, ಈದಿ, ಅಂದರೆ ಹಬ್ಬದ ಉಡುಗೊರೆ, ಅಂತ ಕೊಟ್ಟರೂ ಜಕಾತ್ ಸಂದಾಯವಾಗುತ್ತದೆ. ಅಮ್ಮಿಯೂ ಅದನ್ನೇ ಹೇಳಿದರು. ಆದರೆ ಇಷ್ಟು ದೊಡ್ಡ ಈದಿ ಯಾರು ಯಾರಿಗೆ ಕೊಟ್ಟಾರು? ಅವಳು ದಡ್ಡಿಯಲ್ಲ. ಎರಡು ಮೂರು ಸಲಕ್ಕೆ ಒಡೆದು ಕೊಡಲೇ? ಅದೂ ಕಷ್ಟವೇ. ಈದಿ ಅಂದರೆ ಅವಳು ತೆಗೆದುಕೊಂಡು ಸುಮ್ಮನಿರುವ ಪೈಕಿಯಲ್ಲ. ಮಾರನೇ ದಿನವೇ ಪೇಟೆಗೆ ಹೋಗಿ ನನ್ನ ಮಕ್ಕಳಿಗೆ ಬಟ್ಟೆ ತಂದುಬಿಡುತ್ತಾಳೆ, ಅದೂ ಆ ದುಡ್ಡಿನಲ್ಲೇ. ಆಗ ನನ್ನ ಜಕಾತ್ ನನ್ನ ಮನೆಗೇ ವಾಪಸು!